ಯಾವೂರು ಅಂತ ಬರೀಲಿ

ಮುಳಬಾಗಿಲಿನ ಛತ್ರ, ಬಾಗಿಲ ಎಡಗಡೆ
ಒಂದು ಮೇಜು, ತಗಡಿನ ಡಬ್ಬಿ, ಇನ್ನೂರು ಪುಟದ ಪುಸ್ತಕ.
ಯಾರ ಮನೆ ಮದುವೆಯಾದರೂ
ಮೂವತ್ತೊಂದು ವರ್ಷದಿಂದ ನನ್ನ ಜಾಗ ಇದೇ.
ಅಕ್ಷರ ದುಂಡಗಿದೆ ಅಂತ ಒಮ್ಮೆ ಯಾರೋ ಕೂರಿಸಿದರು,
ಏಳು ಅಂತ ಮತ್ತೆ ಯಾರೂ ಹೇಳಲಿಲ್ಲ.
ಮುಯ್ಯಿ ಮುನಿಶಾಮಪ್ಪ ಅಂತಲೇ ಹೆಸರಾಯಿತು.

ಹೆಸರು, ಊರು, ರೂಪಾಯಿ:
ಗೆರೆ ಎಳೆದ ಮೂರೇ ಮನೆ.
ನಂಗಲಿ ಪಾಪಿರೆಡ್ಡಿ, ನೂರಾ ಒಂದು.
ಆವಣಿ ಚೌಡಮ್ಮ, ಐವತ್ತೊಂದು, ಒಂದು ಕುಪ್ಪಸದ ಕಣ.
ಬೈರಕೂರಿನವರು ಇನ್ನೂರಾ ಒಂದು ಕೊಟ್ಟು
ನನ್ನ ಪೆನ್ನನ್ನೇ ನೋಡುತ್ತ ನಿಂತರು,
ಬರೆದ ಮೇಲೇ ಊಟಕ್ಕೆ ಹೋದರು.

ಆಮೇಲೆ ಅವಳು ಬಂದಳು.
ಉಟ್ಟಿದ್ದು ಹಂಸವೇಣಿಯ ಸೀರೆ, ಅವಳ ಎತ್ತರಕ್ಕೆ ಸಾಲದೆ
ಕಣಕಾಲು ಕಾಣುತ್ತಿತ್ತು.
ಕೋಲಾರದ ನರ್ಸಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ
ಇಬ್ಬರಿಗೂ ಒಂದೇ ರೂಮಂತೆ.
ಕೂದಲು ಮುಟ್ಟಿ ನೋಡಲು ಮಕ್ಕಳು ಹಿಂದೆ ಬಿದ್ದಿದ್ದವು.
ದೊಡ್ಡವರು ಗದರಿಸಿದರು,
ಗದರಿಸುವ ನೆಪದಲ್ಲಿ ತಾವೂ ನೋಡಿದರು.
ನಾನೂ ನೋಡಿದೆ. ಸುಳ್ಳು ಯಾಕೆ.

ಹೆಸರು?
ಉವಾಸೆ.
ಉತ್ತನೂರು ಬರೆದೂ ಬರೆದೂ ಪಳಗಿದ ಪೆನ್ನು
ಉ ಆದ ಮೇಲೆ ತಡವರಿಸಿತು.
ಯಾವೂರು?
ಹುಯೆ. ರುವಾಂಡಾ.
ಹುಯ್ಯೋದಾ? ಏನನ್ನ? ಪಕ್ಕದ ಹುಡುಗ ಕಿಸಕ್ಕೆಂದ.
"ಮಳೆ! ನಮ್ಮೂರಲ್ಲಿ ಮಳೆ ಚೆನ್ನಾಗಿ ಹುಯ್ಯುತ್ತೆ"
ಅಂದಳು, ನಮ್ಮ ಕಡೆಯ ಕನ್ನಡದಲ್ಲೇ,
ತುದಿಗೆ ಒಂದು ತೆಲುಗು ರಾಗ ಸೇರಿಸಿ.
ಹುಡುಗನ ಬಾಯಿ ಮುಚ್ಚಿತು.
ನಮ್ಮ ಬಸ್ಸು ಯಾವುದೂ ಹೋಗದ ಊರನ್ನು
ಅವತ್ತು ಮೊದಲ ಸಲ ಬರೆದೆ.

ಮಡಚಿದ ಐನೂರರ ನೋಟು ಕೊಟ್ಟಳು.
ಸೊನ್ನೆಯಲ್ಲಿ ಮುಗಿಸಬಾರದಮ್ಮ,
ಮೇಲಕ್ಕೆ ಒಂದಿರಬೇಕು, ಅಂದೆ.
ಪರ್ಸೆಲ್ಲ ತಡಕಿದಳು, ಒಂದು ರೂಪಾಯಿ ಇರಲಿಲ್ಲ.
ನನ್ನ ಅಂಗಿ ಜೇಬಿನದನ್ನು ಡಬ್ಬಿಗೆ ಹಾಕಿದೆ, ಠಣ್ ಅಂತು.

ಹೋಗುತ್ತಾಳೆ ಅಂದುಕೊಂಡೆ. ಕುರ್ಚಿ ಎಳೆದು ಕೂತಳು.
ಗೆರೆಗಳ ಮೇಲೆ ಬೆರಳಾಡಿಸಿದಳು.
"ನಮ್ಮ ಚಿಕ್ಕಪ್ಪನೂ ಹೀಗೇ ಬರೀತಾನೆ,
ಯಾರು ಎಷ್ಟು ಕೊಟ್ಟರು ಅಂತ.
ಅವರ ಮನೆ ಮದುವೆಗೆ ನಾವು ಕಮ್ಮಿ ಕೊಟ್ಟರೆ
ಮಾತಿಲ್ಲ, ಕತೆಯಿಲ್ಲ.
ಹಸು ಕೊಟ್ಟರೆ ಹಸುವಿನ ಬಣ್ಣವನ್ನೂ ಬರೀತಾನೆ."
ಪೆನ್ನಿನ ಮುಚ್ಚಳ ಹಾಕಿದೆ.
ಬಣ್ಣ! ನನಗೆ ಹೊಳೆದೇ ಇರಲಿಲ್ಲ.
ನನ್ನ ಹೆಂಡತಿಗೇ ತಿಳಿಯದ ಈ ಕಸುಬು
ಈ ಹುಡುಗಿಗೆ ಗೊತ್ತಿತ್ತು.

ಒಳಗೆ ಗಟ್ಟಿಮೇಳ.
ಛತ್ರವೆಲ್ಲ ಎದ್ದು ನಿಂತಿತು.
ಹೋಗಮ್ಮ, ನಿನ್ನ ಗೆಳತಿಯ ತಾಳಿ, ಅಂದೆ.
ನೀವು?
ಡಬ್ಬಿ ಬಿಟ್ಟು ಏಳೋ ಹಾಗಿಲ್ಲ.
ತಾಳಿ ಕಟ್ಟೋದು ಯಾವತ್ತೂ ನೋಡಿಲ್ವಾ?
ನನ್ನದು ನೋಡಿದ್ದೆ. ಅವಸರದಲ್ಲಿ.
ಅವಳು ಡಬ್ಬಿ ಎತ್ತಿ ಸೊಂಟಕ್ಕಿಟ್ಟುಕೊಂಡಳು,
ನೀರಿನ ಕೊಡದ ಹಾಗೆ.
"ಇದೂ ಬರಲಿ."
ಪುಸ್ತಕ ಎದೆಗವಚಿ ನಾನೂ ಎದ್ದೆ.

ಅವಳನ್ನು ನೋಡಲು ಜನ ತಿರುಗಿದರು,
ತಿರುಗಿದಲ್ಲೆಲ್ಲ ಸಂದಾಯಿತು,
ಆ ಸಂದಿನಲ್ಲಿ ನಾನು ನುಸುಳಿದೆ.
ಹಂಸವೇಣಿ ಕತ್ತು ಬಗ್ಗಿಸಿದ್ದಳು.
ಹುಡುಗನ ಕೈ ಎರಡನೇ ಗಂಟಿಗೇ ನಡುಗುತ್ತಿತ್ತು,
ಮೂರನೆಯದನ್ನು ಅವನ ಅಕ್ಕ ಬಿಗಿದಳು.
ಅಷ್ಟೇ. ಅಷ್ಟಕ್ಕೇ ಗಂಟಲು ಕಟ್ಟಿತು.
ಅಕ್ಷತೆ ಎಸೆದೆವು. ಅವಳದು ಅರ್ಧ
ನನ್ನ ಬೋಳು ತಲೆಗೇ ಬಿತ್ತು.

ರಾತ್ರಿ ಹಂಸವೇಣಿಯ ಅಪ್ಪ ಪುಸ್ತಕ ತಿರುವಿದರು.
ಇದ್ಯಾವ ಊರು ಮುನಿಶಾಮಣ್ಣ?
ಈ ಮುಯ್ಯಿ ತೀರಿಸೋಕೆ ಯಾರು ಹೋಗ್ತಾರೆ?
ಐನೂರು ನೀವು ತೀರಿಸಬೇಕು ಅಂದೆ.
ಒಂದು ರೂಪಾಯಿ ಅವಳು ನನಗೆ ಕೊಡಬೇಕು,
ಅದನ್ನು ಬರೆದಿಲ್ಲ.

ಅವರು ಮಲಗಿದ ಮೇಲೆ
ಆ ಸಾಲಿನ ಪಕ್ಕ ಜಾಗ ಮಾಡಿ
ಸಣ್ಣಕ್ಷರದಲ್ಲಿ ಸೇರಿಸಿದೆ:
ಸೀರೆ, ಮಾವಿನ ಚಿಗುರಿನ ಬಣ್ಣ.